ಹಂಚಿಕೆಯ ಲೈಸೆನ್ಸ್ ಫೈಲನ್ನು ಕೈಬಿಡುವುದು ಹೇಗೆ? ಡೆಬಿಯನ್ ಪ್ಯಾಕೇಜ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

"ಪ್ಯಾಕೇಜ್ ಕಟ್ಟಿದ್ದೇನೆ, ಚೆನ್ನಾಗಿ ಓಡ್ತಿದೆ. ಆದರೆ ಬಿಎಸ್‌ಡಿ ಲೈಸೆನ್ಸ್ ಫೈಲಿನ ಬಗ್ಗೆ ಲಿಂಟಿಯನ್ ತಕರಾರು ಮಾಡ್ತಿದೆ. ಏನು ಮಾಡಲಿ?" ಪೊನ್ನಂಪೇಟೆಯಿಂದಲೂ ಕುಶಾಲನಗರದಿಂದಲೂ ಓದುಗರು ನನಗೆ ಕೇಳುವುದು ಹೆಚ್ಚಾಗಿ ಇದನ್ನೇ. ಲೈಸೆನ್ಸ್ ಅಂದರೆ ಸಾಫ್ಟ್‌ವೇರನ್ನು ಯಾವ ಷರತ್ತಿನ ಮೇಲೆ ಬಳಸಬಹುದು, ಹಂಚಬಹುದು ಎಂದು ಬರೆದವರು ಕೊಡುವ ಅನುಮತಿ. ಬಿಎಸ್‌ಡಿ ಅಂಥದ್ದೊಂದು. ಲಿಂಟಿಯನ್ ಪ್ಯಾಕೇಜಿನ ತಪ್ಪು ಹುಡುಕುವ ಸಾಧನ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳ ಪ್ರಶ್ನೆ ಸ್ವಲ್ಪ ಬೇರೆ. "ನಮ್ಮದೇ ಪ್ಯಾಕೇಜುಗಳಿಗೆಲ್ಲ ಸೇರಿ ಒಂದೇ ಲೈಸೆನ್ಸ್ ಫೈಲ್ ಇಟ್ಟಿದ್ದೇವೆ. ಈಗ ಅದು ಬೇಡ. ಅಳಿಸಿಬಿಡಬಹುದಾ?"

ಅಳಿಸಬಹುದು, ಆದರೆ ಎಲ್ಲಕ್ಕಿಂತ ಕೊನೆಗೆ. ತೋಟದಲ್ಲಿ ನೆರಳಿನ ಮರ ಕಡಿಯುವ ಮೊದಲು ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಏನು ಮಾಡುವುದು ಅಂತ ನೋಡುತ್ತೇವೆ ಅಲ್ವಾ? ಇಲ್ಲೂ ಹಾಗೆಯೇ. ಹಂಚಿಕೆಯ ಫೈಲನ್ನು, ಅಂದರೆ ಹಲವು ಪ್ಯಾಕೇಜುಗಳು ಸೇರಿ ಬಳಸುವ ಒಂದೇ ಫೈಲನ್ನು, ನಂಬಿಕೊಂಡಿರುವ ಪ್ಯಾಕೇಜುಗಳನ್ನು ಮೊದಲು ಬಿಡಿಸಬೇಕು. ಫೈಲ್ ಆಮೇಲೆ.

ಫೈಲ್ ಮತ್ತು ಕಮಾಂಡುಗಳ ಹೆಸರನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ವಿಷಯ ಏನು?

ಡೆಬಿಯನ್ 1993ರಲ್ಲಿ ಶುರುವಾದ ಲಿನಕ್ಸ್ ಡಿಸ್ಟ್ರಿಬ್ಯೂಷನ್. ಸಾವಿರಾರು ಜನ ಬರೆದ ಸಾಫ್ಟ್‌ವೇರನ್ನು ಒಟ್ಟುಗೂಡಿಸಿ, ಒಂದೇ ರೀತಿಯಲ್ಲಿ ಕಟ್ಟಿ ಕೊಡುವ ವ್ಯವಸ್ಥೆಗೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಅದರ ಒಂದೊಂದು ಕಟ್ಟು ಒಂದೊಂದು ಪ್ಯಾಕೇಜ್. ಕಟ್ಟುವವರು, ಅಂದರೆ ಮೇಂಟೇನರ್, ಬೇರೆ. ಮೂಲದಲ್ಲಿ ಸಾಫ್ಟ್‌ವೇರ್ ಬರೆದವರು ಬೇರೆ. ಈ ಮೂಲದವರಿಗೆ ಅಪ್‌ಸ್ಟ್ರೀಮ್ ಎಂದು ಹೆಸರು.

ಪ್ರತಿ ಪ್ಯಾಕೇಜಿನ ಜೊತೆಗೂ ಅದರ ಲೈಸೆನ್ಸಿನ ಪೂರ್ತಿ ಪಠ್ಯ ಇರಬೇಕು. ಇದು ಡೆಬಿಯನ್ ಪಾಲಿಸಿಯ, ಅಂದರೆ ಪ್ಯಾಕೇಜ್ ಹೇಗಿರಬೇಕು ಎಂದು ಹೇಳುವ ನಿಯಮಾವಳಿಯ, ಕಟ್ಟುನಿಟ್ಟಿನ ನಿಯಮ. ಆ ಪಠ್ಯದ ಜಾಗ /ಯುಎಸ್ಆರ್/ಶೇರ್/ಡಾಕ್ ಒಳಗೆ, ಪ್ಯಾಕೇಜಿನ ಹೆಸರಿನ ಫೋಲ್ಡರಿನಲ್ಲಿರುವ 'ಕಾಪಿರೈಟ್' ಎಂಬ ಫೈಲ್. ಅದನ್ನು ಕುಗ್ಗಿಸಿ ಇಡುವಂತಿಲ್ಲ. ಆ ಫೈಲ್ ಸಿಮ್‌ಲಿಂಕ್ ಆಗಿರುವಂತೆಯೂ ಇಲ್ಲ. ಸಿಮ್‌ಲಿಂಕ್ ಅಂದರೆ ತನ್ನೊಳಗೆ ಏನೂ ಇಲ್ಲದೆ ಇನ್ನೊಂದು ಫೈಲಿಗೆ ದಾರಿ ತೋರಿಸುವ ಹೆಸರು.

ಇದಕ್ಕೆ ಒಂದು ವಿನಾಯಿತಿ ಇದೆ. ಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸಿನ 3ನೇ ಆವೃತ್ತಿಯ ಪಠ್ಯವೊಂದೇ ಸುಮಾರು 35 ಕಿಲೋಬೈಟ್. ಸಾವಿರ ಪ್ಯಾಕೇಜಿನಲ್ಲಿ ಅದನ್ನೇ ಮತ್ತೆ ಮತ್ತೆ ತುಂಬಿದರೆ 35 ಮೆಗಾಬೈಟ್ ದಂಡ. ಹಾಗಾಗಿ ಜಿಪಿಎಲ್, ಅಪಾಚೆ 2.0, ಆರ್ಟಿಸ್ಟಿಕ್ ಇಂಥ ದೊಡ್ಡ, ಎಲ್ಲೆಡೆ ಬಳಕೆಯಲ್ಲಿರುವ ಲೈಸೆನ್ಸುಗಳನ್ನು /ಯುಎಸ್ಆರ್/ಶೇರ್/ಕಾಮನ್-ಲೈಸೆನ್ಸಸ್ ಎಂಬ ಫೋಲ್ಡರಿನಲ್ಲಿ ಒಮ್ಮೆ ಇಟ್ಟಿದ್ದಾರೆ. "ಪೂರ್ತಿ ಪಠ್ಯ ಅಲ್ಲಿದೆ ನೋಡಿ" ಎಂದು ಬರೆದರೆ ಸಾಕು. ಆ ಫೋಲ್ಡರನ್ನು ತರುವುದು ಬೇಸ್-ಫೈಲ್ಸ್ ಎಂಬ ಪ್ಯಾಕೇಜ್. ಅದು ಇಲ್ಲದ ಡೆಬಿಯನ್ ಕಂಪ್ಯೂಟರೇ ಇಲ್ಲ. ಅದಕ್ಕೇ ಈ ಉಲ್ಲೇಖವನ್ನು ನಂಬಬಹುದು.

ತೊಂದರೆ ಇರುವುದು ಅದೇ ಫೋಲ್ಡರಿನ 'ಬಿಎಸ್‌ಡಿ' ಎಂಬ ಫೈಲಿನಲ್ಲಿ. ಅದರ ಮೊದಲ ಸಾಲು ಓದಿ. ಕಾಪಿರೈಟ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟ್ಸ್, ಅಂದರೆ ಅದರ ಆಡಳಿತ ಮಂಡಳಿ, ಅವರದು ಎಂದಿದೆ. ಅಂದರೆ ಅದು ಎಲ್ಲರಿಗೂ ಹೊಂದುವ ಪಠ್ಯವಲ್ಲ. ಒಬ್ಬ ನಿರ್ದಿಷ್ಟ ಹಕ್ಕುದಾರರ ಹೆಸರಿನಲ್ಲಿರುವ ಪಠ್ಯ. ನಿಮ್ಮ ಪ್ಯಾಕೇಜಿನ ಕೋಡ್ ಬರೆದವರು ಹುಬ್ಬಳ್ಳಿಯ ಹುಡುಗಿಯೋ ಜರ್ಮನಿಯ ಮುದುಕರೋ ಆಗಿದ್ದರೆ, ಆ ಫೈಲಿನತ್ತ ಕೈ ತೋರಿಸಿದಾಗ ನೀವು ತಪ್ಪು ಹೆಸರನ್ನು ತೋರಿಸುತ್ತಿದ್ದೀರಿ.

ಡೆಬಿಯನ್ ಪಾಲಿಸಿ ಇದಕ್ಕೆ ಮೂರು ಕಾರಣ ಕೊಡುತ್ತದೆ. ಈ ಲೈಸೆನ್ಸ್ ಚಿಕ್ಕದು. ಆ ಫೈಲ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಡಿಗೆ ಮಾತ್ರ ಸೇರಿದ್ದು. ಜೊತೆಗೆ ಒಬ್ಬೊಬ್ಬರು ಒಂದೊಂದು ಪದ ಬದಲಿಸಿ ಬಳಸುತ್ತಾರೆ. ಆದ್ದರಿಂದ ಪಠ್ಯವನ್ನು ನಿಮ್ಮ ಕಾಪಿರೈಟ್ ಫೈಲಿನಲ್ಲೇ ಬರೆಯಿರಿ ಎನ್ನುತ್ತದೆ ಪಾಲಿಸಿ. ಉಳಿತಾಯದ ಲೆಕ್ಕವೂ ಇಲ್ಲಿ ನಿಲ್ಲುವುದಿಲ್ಲ. ಬಿಎಸ್‌ಡಿ ಪಠ್ಯ ಒಂದೂವರೆ ಕಿಲೋಬೈಟ್ ಅಷ್ಟೇ.

ನನಗೆ ಇದು ಬರೀ ಲಿಂಟಿಯನ್‌ನ ಬಾಯಿ ಮುಚ್ಚಿಸುವ ಕೆಲಸ ಅನ್ನಿಸುವುದಿಲ್ಲ. ಬಿಎಸ್‌ಡಿ ಲೈಸೆನ್ಸಿನವರು ನಮ್ಮಿಂದ ದುಡ್ಡು ಕೇಳುವುದಿಲ್ಲ. ನಾವು ಮಾಡಿದ ಬದಲಾವಣೆಯನ್ನೂ ಕೇಳುವುದಿಲ್ಲ. ನನ್ನ ಹೆಸರು ಮತ್ತು ಈ ನಾಲ್ಕು ಸಾಲು ಜೊತೆಯಲ್ಲಿರಲಿ ಅಂತ ಕೇಳುತ್ತಾರೆ, ಅಷ್ಟೇ. ಅದನ್ನೂ ನಡೆಸಿಕೊಡದಿದ್ದರೆ ಹೇಗೆ?

ಏನೇನು ಬೇಕು?

ಡೆಬಿಯನ್ ಇರುವ ಒಂದು ಕಂಪ್ಯೂಟರ್. ಪ್ಯಾಕೇಜಿನ ಸೋರ್ಸ್, ಅಂದರೆ ಮೂಲ ಕೋಡ್. ಲಿಂಟಿಯನ್, ಲೈಸೆನ್ಸ್‌ಚೆಕ್, ಡೆವ್‌ಸ್ಕ್ರಿಪ್ಟ್ಸ್ ಎಂಬ ಮೂರು ಪ್ಯಾಕೇಜ್. ಲಿಂಟಿಯನ್ ಕಟ್ಟಿದ ಪ್ಯಾಕೇಜಿನಲ್ಲಿ ತಪ್ಪು ಹುಡುಕುತ್ತದೆ. ಲೈಸೆನ್ಸ್‌ಚೆಕ್ ಪ್ರತಿ ಕೋಡ್ ಫೈಲಿನ ತಲೆಬರಹ ಓದಿ, ಯಾವ ಲೈಸೆನ್ಸ್ ಇರಬಹುದು ಎಂದು ಊಹಿಸುತ್ತದೆ. ಡೆವ್‌ಸ್ಕ್ರಿಪ್ಟ್ಸ್‌ನಲ್ಲಿ ಮೇಂಟೇನರುಗಳಿಗೆ ಬೇಕಾದ ಸಣ್ಣಪುಟ್ಟ ಕಮಾಂಡುಗಳಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೂರುವವರು ಸೋರ್ಸನ್ನೆಲ್ಲ ಮೊದಲೇ ಇಳಿಸಿಕೊಳ್ಳಿ. ನಮ್ಮ ಕಡೆ ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಹಂತ 1: ಯಾರ್‍ಯಾರು ಆ ಫೈಲನ್ನು ನಂಬಿದ್ದಾರೆ, ಪಟ್ಟಿ ಮಾಡಿ

ನಿಮ್ಮ ಕಂಪ್ಯೂಟರಿನಲ್ಲಿ ಹುಡುಕುವುದು ಸುಲಭ. ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡಿಗೆ ಮೈನಸ್ ಎಲ್ (ಚಿಕ್ಕಕ್ಷರದ್ದು) ಕೊಟ್ಟು, 'ಕಾಮನ್-ಲೈಸೆನ್ಸಸ್/ಬಿಎಸ್‌ಡಿ' ಎಂಬ ಪದವನ್ನು /ಯುಎಸ್ಆರ್/ಶೇರ್/ಡಾಕ್ ಒಳಗಿನ ಎಲ್ಲ ಕಾಪಿರೈಟ್ ಫೈಲುಗಳಲ್ಲಿ ಹುಡುಕಿ. ಸಿಕ್ಕ ಫೈಲುಗಳ ಹೆಸರು ಮಾತ್ರ ಬರುತ್ತದೆ.

ಆದರೆ ಇದು ನೀವು ಇನ್‌ಸ್ಟಾಲ್ ಮಾಡಿರುವ ಪ್ಯಾಕೇಜುಗಳ ಪಟ್ಟಿ ಮಾತ್ರ. ಡೆಬಿಯನ್‌ನ ಪೂರ್ತಿ ಸೋರ್ಸಿನಲ್ಲಿ ಹುಡುಕಲು ಡೆಬಿಯನ್ ಕೋಡ್ ಸರ್ಚ್ ಇದೆ. ಅಲ್ಲಿ ಪಾತ್ ಎಂಬ ಸೋಸುವಿಕೆ ಬಳಸಿ ಡೆಬಿಯನ್/ಕಾಪಿರೈಟ್ ಫೈಲುಗಳಲ್ಲಿ ಮಾತ್ರ ಹುಡುಕಿ. ಇಲ್ಲದಿದ್ದರೆ ಬೇಡದ್ದೂ ರಾಶಿ ಬೀಳುತ್ತದೆ.

ಎಚ್ಚರ: ನೀವು ಕೈಬಿಡುತ್ತಿರುವುದು ಬಿಎಸ್‌ಡಿ ಅಲ್ಲ, 'ಜಿಪಿಎಲ್' ಎಂಬ ಸಿಮ್‌ಲಿಂಕಿನತ್ತ ಇರುವ ಉಲ್ಲೇಖ ಎಂದಾದರೆ ಈ ಹುಡುಕಾಟ ಕೈಕೊಡುತ್ತದೆ. 'ಕಾಮನ್-ಲೈಸೆನ್ಸಸ್/ಜಿಪಿಎಲ್' ಎಂದು ಹುಡುಕಿದರೆ 'ಜಿಪಿಎಲ್-2', 'ಜಿಪಿಎಲ್-3' ಕೂಡ ಬಂದುಬಿಡುತ್ತವೆ. ಹೆಸರಿನ ಮುಂದೆ ಅಡ್ಡಗೆರೆ ಇಲ್ಲದ್ದನ್ನು ಮಾತ್ರ ಆರಿಸಿ. ವಾಕ್ಯ ಅಲ್ಲಿಗೇ ಮುಗಿದು ಮುಂದೆ ಪೂರ್ಣವಿರಾಮ ಇರಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆ ಸಿಮ್‌ಲಿಂಕಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ತುಂಬಾ ಜನ ಎಡವುವ ಜಾಗ ಅದು. 'ಜಿಪಿಎಲ್' ಎಂಬ ಹೆಸರು ಹೊಸ ಆವೃತ್ತಿಯತ್ತ ತಿರುಗುತ್ತದೆ. ಜಿಪಿಎಲ್ 2ನೇ ಆವೃತ್ತಿ ಬಂದದ್ದು 1991ರ ಜೂನ್‌ನಲ್ಲಿ, 3ನೇ ಆವೃತ್ತಿ 2007ರ ಜೂನ್ 29ರಂದು. "ಬರೀ 2ನೇ ಆವೃತ್ತಿ" ಎಂದು ಕೊಟ್ಟ ಕೋಡಿನ ಕಾಪಿರೈಟ್ ಫೈಲ್ ಈ ಸಿಮ್‌ಲಿಂಕ್ ತೋರಿಸುತ್ತಿದ್ದರೆ, ಓದುವವರಿಗೆ ಈಗ ಸಿಗುವುದು 3ನೇ ಆವೃತ್ತಿಯ ಪಠ್ಯ. ಪ್ಯಾಕೇಜಿನಲ್ಲಿ ಯಾರೂ ಒಂದಕ್ಷರ ಮುಟ್ಟಿಲ್ಲ, ಆದರೂ ಅದು ಹೇಳುವ ಮಾತು ಬದಲಾಗಿದೆ. ಹಾಗಾಗಿ ಯಾವಾಗಲೂ ಅಂಕಿ ಇರುವ ಫೈಲನ್ನೇ ತೋರಿಸಿ.

ಹಂತ 2: ಹೊಸಬರು ಬರುವ ದಾರಿ ಮುಚ್ಚಿ

ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರೂ ತಿದ್ದಲು ಕೂರುತ್ತಾರೆ. ಸ್ವಲ್ಪ ತಡೆಯಿರಿ. ನೀವು ಹತ್ತು ಪ್ಯಾಕೇಜ್ ತಿದ್ದುವಷ್ಟರಲ್ಲಿ ಹಳೆ ಮಾದರಿ ನೋಡಿ ಇನ್ನಿಬ್ಬರು ಅದೇ ತಪ್ಪು ಮಾಡಿರುತ್ತಾರೆ.

ಮೊದಲು ಮಾದರಿಗಳನ್ನು ಸರಿಮಾಡಿ. ನಿಮ್ಮ ತಂಡದಲ್ಲಿ, ಕಾಲೇಜಿನಲ್ಲಿ ಕೈಯಿಂದ ಕೈಗೆ ಹೋಗುವ ಹಳೆಯ ಕಾಪಿರೈಟ್ ಫೈಲ್ ಒಂದು ಇದ್ದೇ ಇರುತ್ತದೆ. ಅದರಲ್ಲಿ ಆ ಸಾಲನ್ನು ತೆಗೆದು ಪೂರ್ತಿ ಪಠ್ಯ ಹಾಕಿ. ಬರೆದಿಟ್ಟ ಸೂಚನೆಗಳಿದ್ದರೆ ಅವನ್ನೂ ತಿದ್ದಿ. ಡೆಬಿಯನ್‌ನಲ್ಲಂತೂ ಈ ಹಳೆ ಬಿಎಸ್‌ಡಿ ಫೈಲಿನತ್ತ ಉಲ್ಲೇಖ ಕಂಡರೆ ಎಚ್ಚರಿಸಲು ಲಿಂಟಿಯನ್‌ನಲ್ಲೇ ಪ್ರತ್ಯೇಕ ಟ್ಯಾಗ್ ಇದೆ. ನಿಮ್ಮದೇ ರೆಪೊಸಿಟರಿ, ಅಂದರೆ ಪ್ಯಾಕೇಜುಗಳ ಉಗ್ರಾಣ, ಇದ್ದರೆ ಒಳಗೆ ಸೇರಿಸುವ ಮೊದಲು ಅದೇ ಗ್ರೆಪ್ ಓಡಿಸಿ. ಸಿಕ್ಕರೆ ವಾಪಸ್ ಕಳಿಸಿ.

ಹಂತ 3: ಕೋಡಿಗೆ ನಿಜವಾಗಿ ಯಾವ ಲೈಸೆನ್ಸ್ ಇದೆ, ಓದಿ

ಇಡೀ ಕೆಲಸದ ಜೀವ ಇಲ್ಲಿದೆ. ದಯವಿಟ್ಟು ಇಲ್ಲಿ ಅವಸರ ಬೇಡ.

ಸುಲಭದ ದಾರಿ ಯಾವುದೆಂದು ನಿಮಗೂ ಹೊಳೆದಿರುತ್ತದೆ. ಹಂಚಿಕೆಯ ಫೈಲಿನಲ್ಲಿರುವುದನ್ನೇ ಕಾಪಿ ಮಾಡಿ ತಂದು ನಿಮ್ಮ ಕಾಪಿರೈಟ್ ಫೈಲಿಗೆ ಅಂಟಿಸುವುದು. ಲಿಂಟಿಯನ್ ಸುಮ್ಮನಾಗುತ್ತದೆ, ಆದರೆ ತಪ್ಪು ಹಾಗೇ ಉಳಿಯುತ್ತದೆ. ಮೊದಲು ದೂರದಲ್ಲಿದ್ದ ತಪ್ಪು ಹೆಸರು ಈಗ ನಿಮ್ಮ ಮನೆಯೊಳಗೇ ಬಂದು ಕೂತಿದೆ.

ಹಾಗಾದರೆ ಎಲ್ಲಿ ನೋಡಬೇಕು? ಅಪ್‌ಸ್ಟ್ರೀಮ್ ಕೊಟ್ಟ ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಫೈಲ್ ತೆರೆಯಿರಿ. ಆಮೇಲೆ ಒಂದೊಂದು ಕೋಡ್ ಫೈಲಿನ ತಲೆಬರಹ ನೋಡಿ. ಎರಡೂ ಒಂದೇ ಮಾತು ಹೇಳುತ್ತವೆಯೇ? ಎಷ್ಟೋ ಸಲ ಹೇಳುವುದಿಲ್ಲ. ಮುಖ್ಯ ಕೋಡ್ ಒಬ್ಬರದು, ನಡುವೆ ಸೇರಿಸಿಕೊಂಡ ಒಂದು ಸಣ್ಣ ಫೈಲ್ ಇನ್ನೊಬ್ಬರದು ಆಗಿರುತ್ತದೆ. ಲೈಸೆನ್ಸ್‌ಚೆಕ್ ಅನ್ನು ಇಡೀ ಸೋರ್ಸ್ ಫೋಲ್ಡರಿನ ಮೇಲೆ ಓಡಿಸಿದರೆ ಇಂಥ ಫೈಲುಗಳು ಬೇಗ ಕಣ್ಣಿಗೆ ಬೀಳುತ್ತವೆ. ಆದರೆ ಅದರ ಉತ್ತರ ಊಹೆ ಮಾತ್ರ. ಕೊನೆಯ ಮಾತು ನಿಮ್ಮ ಕಣ್ಣಿನದು.

ಬಿಎಸ್‌ಡಿ ಎಂಬ ಒಂದೇ ಹೆಸರಿನಲ್ಲಿ ಮುಖ್ಯವಾಗಿ ಮೂರು ಪಠ್ಯಗಳು ಓಡಾಡುತ್ತವೆ. ಷರತ್ತುಗಳನ್ನು ಎಣಿಸಿ.

ಎರಡು ಷರತ್ತಿನದು: ಸೋರ್ಸ್ ಹಂಚುವಾಗ ಹೆಸರು ಮತ್ತು ಷರತ್ತು ಉಳಿಸಿ, ಓಡುವ ರೂಪದಲ್ಲಿ ಹಂಚುವಾಗಲೂ ಜೊತೆಯ ದಾಖಲೆಯಲ್ಲಿ ಅವು ಇರಲಿ.

ಮೂರು ಷರತ್ತಿನದು: ಮೇಲಿನ ಎರಡರ ಜೊತೆಗೆ, ಅನುಮತಿ ಇಲ್ಲದೆ ನಮ್ಮ ಹೆಸರು ಹೇಳಿಕೊಂಡು ನಿಮ್ಮ ಸರಕಿಗೆ ಪ್ರಚಾರ ಕೊಡಬೇಡಿ.

ನಾಲ್ಕು ಷರತ್ತಿನದು: ಇದು ಹಳೆಯದು. ಈ ಸಾಫ್ಟ್‌ವೇರಿನ ಗುಣ ಹೇಳುವ ಪ್ರತಿ ಜಾಹೀರಾತಿನಲ್ಲೂ ನಮ್ಮ ಹೆಸರು ನೆನೆಯಿರಿ ಎಂಬ ಷರತ್ತೂ ಸೇರಿರುತ್ತದೆ.

ಈ ಜಾಹೀರಾತು ಷರತ್ತನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1999ರ ಜುಲೈ 22ರಂದು ಕೈಬಿಟ್ಟಿತು. ಅದನ್ನು ಓದಿದವರು, "ಸರಿ, ಹಾಗಾದರೆ ನಾಲ್ಕು ಷರತ್ತು ಕಂಡಲ್ಲೆಲ್ಲ ಮೂರು ಮಾಡಿಬಿಡೋಣ" ಎಂದು ಹೊರಡುತ್ತಾರೆ. ಹಾಗೆ ಮಾಡುವಂತಿಲ್ಲ. ವಿಶ್ವವಿದ್ಯಾಲಯ ಬಿಟ್ಟುಕೊಟ್ಟಿದ್ದು ತನ್ನ ಕೋಡಿನ ಮೇಲಿನ ಷರತ್ತನ್ನು. ಬೇರೆಯವರು ಅದೇ ನಾಲ್ಕು ಷರತ್ತು ಹಾಕಿ ಕೊಟ್ಟಿದ್ದರೆ, ಬಿಡುವ ಹಕ್ಕು ಅವರಿಗೆ ಮಾತ್ರ.

ಮೂರನೇ ಷರತ್ತಿನ ಹೆಸರನ್ನೂ ಗಮನಿಸಿ. ಹಂಚಿಕೆಯ ಫೈಲಿನಲ್ಲಿ ಅಲ್ಲಿ 'ವಿಶ್ವವಿದ್ಯಾಲಯ' ಎಂದಿರುತ್ತದೆ. ನಿಮ್ಮ ಕೋಡಿನಲ್ಲಿ ಒಂದು ಸಂಸ್ಥೆಯ ಹೆಸರೋ, 'ಲೇಖಕರು' ಎಂದೋ ಇರಬಹುದು. ಕೊನೆಯಲ್ಲಿ ಬರುವ ದೊಡ್ಡಕ್ಷರದ ಹೊಣೆ ನಿರಾಕರಣೆಯ ಪ್ಯಾರಾದಲ್ಲೂ ಹೆಸರು ಬದಲಾಗಿರುತ್ತದೆ. ಒಂದು ಲ್ಯಾಬಿಗಾಗಿ ನಾನೇ ಕಟ್ಟಿದ ನಿಘಂಟಿನ ಪ್ಯಾಕೇಜಿನಲ್ಲಿ ಇದನ್ನು ನೋಡದೆ ಬಿಟ್ಟಿದ್ದೆ. ಬರೆದವರು ಕನ್ನಡದವರು. ನನ್ನ ಕಾಪಿರೈಟ್ ಫೈಲ್ ಮಾತ್ರ ಕ್ಯಾಲಿಫೋರ್ನಿಯಾದತ್ತ ಕೈ ತೋರಿಸುತ್ತಿತ್ತು. ಅದನ್ನು ನನಗೆ ತೋರಿಸಿಕೊಟ್ಟವರು ಆ ಲೇಖಕರೇ. ಅವರು ಕೋಪ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಬಹಳ ಬೇಜಾರಾಯಿತು. ಈ ಲೇಖನದಲ್ಲಿ ಮೂರನೇ ಹಂತ ಇಷ್ಟು ಉದ್ದವಾಗಿರುವುದಕ್ಕೆ ಅದೇ ಕಾರಣ.

ಸೋರ್ಸಿನಲ್ಲಿ ಎಲ್ಲೂ ಲೈಸೆನ್ಸ್ ಪಠ್ಯವೇ ಇಲ್ಲ, ಪರಿಚಯದ ಫೈಲಿನಲ್ಲಿ ಸುಮ್ನೆ 'ಬಿಎಸ್‌ಡಿ' ಅಂತ ಒಂದು ಪದ ಇದೆ ಎನ್ನಿ. ಆಗ ನೀವೇ ಯಾವುದೋ ಒಂದನ್ನು ಆರಿಸಬೇಡಿ. ಲೇಖಕರಿಗೆ ಬರೆಯಿರಿ. "ನಿಮ್ಮ ಕೋಡನ್ನು ಡೆಬಿಯನ್‌ಗೆ ಪ್ಯಾಕೇಜ್ ಮಾಡುತ್ತಿದ್ದೇನೆ. ಬಿಎಸ್‌ಡಿಯಲ್ಲಿ ಎರಡು ಷರತ್ತಿನದೋ ಮೂರು ಷರತ್ತಿನದೋ ತಿಳಿಸಿ, ಪೂರ್ತಿ ಪಠ್ಯವನ್ನು ಸೋರ್ಸಿಗೇ ಸೇರಿಸಿಕೊಡಿ" ಎಂದರೆ ಸಾಕು.

ಹಂತ 4: ಕಾಪಿರೈಟ್ ಫೈಲನ್ನು ತಿದ್ದಿ

ಸೋರ್ಸಿನೊಳಗೆ ಡೆಬಿಯನ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿರುವ ಕಾಪಿರೈಟ್ ಫೈಲೇ ಮುಂದೆ ಪ್ಯಾಕೇಜಿನ ಜೊತೆ ಹೋಗುವುದು. ಹಂಚಿಕೆಯ ಫೈಲನ್ನು ಹೆಸರಿಸುವ ಸಾಲು ಅಳಿಸಿ. ಅಲ್ಲಿ ಅಪ್‌ಸ್ಟ್ರೀಮ್ ಪಠ್ಯವನ್ನು ಅಕ್ಷರಶಃ ಹಾಕಿ. ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಹೆಚ್ಚುಕಡಿಮೆ ಆದರೆ ಅಡ್ಡಿಯಿಲ್ಲ. ಪದ ಬದಲಾಗಬಾರದು. ಕಾಗುಣಿತದ ತಪ್ಪು ಕಂಡರೂ ತಿದ್ದಬೇಡಿ.

ಈಗ ಹೆಚ್ಚಿನವರು ಯಂತ್ರಕ್ಕೂ ಓದಲು ಬರುವ ಮಾದರಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಫೈಲ್ಸ್, ಕಾಪಿರೈಟ್, ಲೈಸೆನ್ಸ್ ಎಂಬ ಮೂರು ಸಾಲುಗಳ ಗುಂಪು ಇರುತ್ತದೆ. ಯಾವ ಫೈಲುಗಳು, ಯಾರ ಹಕ್ಕು, ಯಾವ ಲೈಸೆನ್ಸ್ ಎಂದು ಅರ್ಥ. ಲೈಸೆನ್ಸ್ ಸಾಲಿನಲ್ಲಿ 'ಬಿಎಸ್‌ಡಿ-2-ಕ್ಲಾಝ್', 'ಬಿಎಸ್‌ಡಿ-3-ಕ್ಲಾಝ್' ಎಂಬ ಚಿಕ್ಕ ಹೆಸರು ಹಾಕಿ, ಅದರ ಕೆಳಗೆ ಪಠ್ಯ ಬರೆಯಬೇಕು. ಪಠ್ಯದ ಪ್ರತಿ ಸಾಲೂ ಒಂದು ಖಾಲಿ ಜಾಗದಿಂದ ಶುರುವಾಗಬೇಕು. ಪ್ಯಾರಾಗಳ ನಡುವೆ ಖಾಲಿ ಸಾಲು ಬಿಡಬಾರದು. ಅಲ್ಲಿ ಒಂದು ಖಾಲಿ ಜಾಗ, ಒಂದು ಚುಕ್ಕಿ ಇಡಬೇಕು. ಖಾಲಿ ಸಾಲು ಬಿಟ್ಟರೆ ಪಠ್ಯ ಅಲ್ಲಿಗೇ ಮುಗಿಯಿತು ಎಂದು ಯಂತ್ರ ತಿಳಿಯುತ್ತದೆ. ಮೊದಲ ಸಲ ಮಾಡುವವರು ತಪ್ಪದೆ ಎಡವುವುದು ಈ ಚುಕ್ಕಿಯಲ್ಲೇ.

ಒಂದೇ ಪ್ಯಾಕೇಜಿನಲ್ಲಿ ಇಬ್ಬರ ಬಿಎಸ್‌ಡಿ ಕೋಡ್ ಇದ್ದರೆ? ಪಠ್ಯ ಪೂರ್ತಿ ಒಂದೇ ಆಗಿದ್ದರೆ ಪಠ್ಯವನ್ನು ಒಮ್ಮೆ ಬರೆದು ಇಬ್ಬರ ಗುಂಪಿನಿಂದಲೂ ಅದನ್ನು ಹೆಸರಿಸಬಹುದು. ಮೂರನೇ ಷರತ್ತಿನಲ್ಲಿ ಹೆಸರು ಬೇರೆ ಬೇರೆ ಇದ್ದರೆ ಎರಡು ಪಠ್ಯ ಬರೆಯಿರಿ, ಎರಡಕ್ಕೂ ಬೇರೆ ಬೇರೆ ಚಿಕ್ಕ ಹೆಸರು ಕೊಡಿ. ಫೈಲ್ ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಕೋಡ್ ನಿಜವಾಗಿಯೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದೇ ಆಗಿದ್ದರೆ? ಆಗಲೂ ಪಠ್ಯವನ್ನು ಒಳಗೇ ಬರೆಯಿರಿ. ಮುಂದೆ ಫೈಲ್ ಹೋದಾಗ ಅದಕ್ಕೂ ನೆಲೆ ಬೇಕು.

"ಪಠ್ಯದ ಬದಲು ವೆಬ್ ವಿಳಾಸ ಕೊಟ್ಟರೆ ಸಾಲದೇ?" ಎಂದು ಕೇಳುತ್ತಾರೆ. ಸಾಲದು. ಪಾಲಿಸಿ ಕೇಳುವುದು ಪಠ್ಯವನ್ನು. ಬಿಎಸ್‌ಡಿಯ ಎರಡನೇ ಷರತ್ತು ಕೇಳುವುದೂ ಹಂಚಿದ ಸರಕಿನ ಜೊತೆಗೇ ಇರುವ ಪಠ್ಯವನ್ನು. ಸೋಮವಾರಪೇಟೆ ಕಡೆಯ ಒಂದು ಲ್ಯಾಬಿಗೆ ನೀವು ಪೆನ್‌ಡ್ರೈವಿನಲ್ಲಿ ಪ್ಯಾಕೇಜ್ ಒಯ್ದು ಹಾಕಿದಿರಿ ಎಂದುಕೊಳ್ಳಿ. ಆಷಾಢದ ಮಳೆಯಲ್ಲಿ ಅಲ್ಲಿ ನೆಟ್ ಇಲ್ಲ. ಆ ಮಕ್ಕಳಿಗೆ ಲೇಖಕರ ಹೆಸರೂ ಷರತ್ತೂ ಆ ಕಂಪ್ಯೂಟರಿನಲ್ಲೇ ಸಿಗಬೇಕು.

ಹಂತ 5: ಕಟ್ಟಿ ನೋಡಿ

ಚೇಂಜ್‌ಲಾಗ್‌ನಲ್ಲಿ ಏನು ಬದಲಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಅದಕ್ಕೆ ಡಿಸಿಎಚ್ ಕಮಾಂಡ್ ಇದೆ. ಪ್ಯಾಕೇಜ್ ಕಟ್ಟಿ, ಲಿಂಟಿಯನ್ ಓಡಿಸಿ. ಹಳೆ ಎಚ್ಚರಿಕೆ ಹೋಗಿರಬೇಕು.

ಅಲ್ಲಿಗೇ ನಿಲ್ಲಬೇಡಿ. ಕಟ್ಟಿದ ಡೆಬ್ ಫೈಲನ್ನು ಒಂದು ಖಾಲಿ ಫೋಲ್ಡರಿಗೆ ಬಿಚ್ಚಿ. ಡಿಪಿಕೆಜಿ-ಡೆಬ್ ಕಮಾಂಡಿಗೆ ಮೈನಸ್ ಎಕ್ಸ್ ಕೊಟ್ಟರೆ ಆಯಿತು. ಅದರೊಳಗಿನ ಕಾಪಿರೈಟ್ ಫೈಲ್ ತೆರೆದು ಮೇಲಿನಿಂದ ಕೆಳಗೆ ಒಮ್ಮೆ ಓದಿ. ಒಂದು ಸೋರ್ಸಿನಿಂದ ಮೂರು ನಾಲ್ಕು ಪ್ಯಾಕೇಜ್ ಹುಟ್ಟುತ್ತಿದ್ದರೆ ಎಲ್ಲವನ್ನೂ ಬಿಚ್ಚಿ ನೋಡಿ.

ಹಂತ 6: ಬೇರೆಯವರ ಪ್ಯಾಕೇಜುಗಳು

ನಿಮ್ಮ ಲ್ಯಾಬಿನ ಇಪ್ಪತ್ತು ಪ್ಯಾಕೇಜ್ ಆಗಿದ್ದರೆ ಎಲ್ಲವನ್ನೂ ನೀವೇ ತಿದ್ದಿ ಮುಂದಿನ ಹಂತಕ್ಕೆ ಹೋಗಿ. ಡೆಬಿಯನ್‌ನಂಥ ದೊಡ್ಡ ಡಿಸ್ಟ್ರಿಬ್ಯೂಷನ್‌ನಲ್ಲಿ ಒಂದೊಂದು ಪ್ಯಾಕೇಜಿಗೂ ಒಬ್ಬೊಬ್ಬ ಯಜಮಾನರಿದ್ದಾರೆ. ಹೆಚ್ಚಿನವರು ಸ್ವಂತ ಸಮಯ ಕೊಟ್ಟು ಮಾಡುವವರು. ಅವರ ಬಾಗಿಲು ತಟ್ಟುವುದಕ್ಕೂ ಒಂದು ಕ್ರಮ ಇದೆ.

ಒಂದೇ ವಿಷಯಕ್ಕೆ 10ಕ್ಕಿಂತ ಹೆಚ್ಚು ಬಗ್ ವರದಿ ಹಾಕುವುದಿದ್ದರೆ, ಮೊದಲು ಡೆಬಿಯನ್‌ನ ಡೆವಲಪರುಗಳ ಮೇಲಿಂಗ್ ಲಿಸ್ಟಿನಲ್ಲಿ ವಿಷಯ ಇಡಿ. ಯಾವ ಪ್ಯಾಕೇಜುಗಳು, ಏಕೆ, ಹೇಗೆ ತಿದ್ದಬೇಕು ಎಂದು ಬರೆಯಿರಿ. ಡಿಡಿ-ಲಿಸ್ಟ್ ಎಂಬ ಕಮಾಂಡಿಗೆ ಪ್ಯಾಕೇಜುಗಳ ಹೆಸರು ಕೊಟ್ಟರೆ ಯಾರ್‍ಯಾರ ಕೈಯಲ್ಲಿ ಯಾವುದಿದೆ ಎಂದು ಪಟ್ಟಿ ಮಾಡಿಕೊಡುತ್ತದೆ. ಅದನ್ನೂ ಜೊತೆಗಿಡಿ. ಎಷ್ಟೋ ಜನ ಪಟ್ಟಿಯಲ್ಲಿ ತಮ್ಮ ಹೆಸರು ನೋಡಿದ ಕೂಡಲೇ ತಾವೇ ತಿದ್ದಿಬಿಡುತ್ತಾರೆ.

ಉಳಿದವರಿಗೆ ಬಗ್ ವರದಿ ಹಾಕಿ. ತೀವ್ರತೆಯನ್ನು ಜಾಸ್ತಿ ಮಾಡಬೇಡಿ. ಫೈಲ್ ಇನ್ನೂ ಇದೆ, ಯಾರ ಪ್ಯಾಕೇಜೂ ಮುರಿದಿಲ್ಲ. ಹಾಗಾಗಿ ಸಾಮಾನ್ಯ ದರ್ಜೆಯೇ ಸರಿ. ಎಲ್ಲ ವರದಿಗಳಿಗೂ ಒಂದೇ ಯೂಸರ್‌ಟ್ಯಾಗ್, ಅಂದರೆ ನಿಮ್ಮದೇ ಗುರುತಿನ ಚೀಟಿ, ಅಂಟಿಸಿ. ಆಮೇಲೆ ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಎಂದು ಒಂದೇ ಕಡೆ ಕಾಣುತ್ತದೆ.

ಸಾಧ್ಯವಾದಲ್ಲೆಲ್ಲ ಪ್ಯಾಚ್ ಜೊತೆಗಿಡಿ. ಪ್ಯಾಚ್ ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಫೈಲ್. "ನಿಮ್ಮ ಪ್ಯಾಕೇಜ್ ತಪ್ಪು" ಎಂಬ ಬರೀ ಒಂದು ಸಾಲಿನ ವರದಿ ವರ್ಷಗಟ್ಟಲೆ ಕೊಳೆಯುತ್ತದೆ. ಪ್ಯಾಚ್ ಮಾಡುವಾಗ ಮೂರನೇ ಹಂತವನ್ನು ಅವರ ಪ್ಯಾಕೇಜಿಗೂ ಮಾಡಲೇಬೇಕು. ಎಲ್ಲಕ್ಕೂ ಒಂದೇ ಪಠ್ಯ ತುಂಬುವ ಸ್ಕ್ರಿಪ್ಟ್ ಬರೆದು ಓಡಿಸಿದರೆ, ಹಂಚಿಕೆಯ ಫೈಲ್ ಮಾಡಿದ ತಪ್ಪನ್ನೇ ನೀವು ನೂರು ಕಡೆ ಬಿತ್ತಿದ ಹಾಗೆ.

ಹಂತ 7: ಕಾಯಿರಿ

ಕೊನೆಯ ಪ್ಯಾಕೇಜೂ ಸರಿಯಾಯಿತು. ಈಗ ಫೈಲ್ ತೆಗೆಯಬಹುದೇ? ಇನ್ನೂ ಇಲ್ಲ.

ನೀವು ತಿದ್ದಿದ್ದು ಹೊಸ ಆವೃತ್ತಿಗಳನ್ನು. ಜನರ ಕಂಪ್ಯೂಟರಿನಲ್ಲಿ ಹಳೆಯವು ಇವೆ. ಡೆಬಿಯನ್‌ನಲ್ಲಿ ಒಂದು ಸ್ಥಿರ ಬಿಡುಗಡೆಯಿಂದ ಮುಂದಿನದಕ್ಕೆ ಹೋಗುವಾಗ ಕೆಲವು ಪ್ಯಾಕೇಜ್ ಮೊದಲು, ಕೆಲವು ಆಮೇಲೆ ಬದಲಾಗುತ್ತವೆ. ಬೇಸ್-ಫೈಲ್ಸ್ ಹೊಸದಾಗಿ, ಉಳಿದದ್ದು ಹಳೆಯದೇ ಆಗಿ ಕೂತಿರುವ ಕಂಪ್ಯೂಟರ್ ಎಷ್ಟು ಬೇಕಾದರೂ ಇರುತ್ತವೆ. ಅಲ್ಲಿ ಹಳೆ ಕಾಪಿರೈಟ್ ಫೈಲುಗಳು ಇಲ್ಲದ ಫೈಲನ್ನು ತೋರಿಸಲು ಶುರುಮಾಡುತ್ತವೆ.

ಹಾಗಾಗಿ ನನ್ನ ಸಲಹೆ ಇದು. ಉಲ್ಲೇಖಗಳೆಲ್ಲ ತೊಲಗಿದ ಮೊದಲ ಬಿಡುಗಡೆಯಲ್ಲಿ ಫೈಲ್ ಇರಲಿ. ಅದರ ಮುಂದಿನ ಬಿಡುಗಡೆಯಲ್ಲಿ ತೆಗೆಯಿರಿ. ಡೆಬಿಯನ್ 12 ಬಂದದ್ದು 2023ರ ಜೂನ್ 10ರಂದು, ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು. ಅಂದರೆ ಸುಮಾರು ಎರಡು ವರ್ಷ ಕಾಯಬೇಕು. ಉದ್ದ ಅನ್ನಿಸಬಹುದು, ಆದರೆ ಒಂದೂವರೆ ಕಿಲೋಬೈಟಿನ ಫೈಲ್ ಇನ್ನೆರಡು ವರ್ಷ ಅಲ್ಲಿ ಕೂತರೆ ಯಾರಿಗೂ ಭಾರವಿಲ್ಲ. ಲ್ಯಾಬಿನ ಸಣ್ಣ ರೆಪೊಸಿಟರಿಯಲ್ಲಿ ಇಷ್ಟು ಕಾಯಬೇಕಿಲ್ಲ. ಎಲ್ಲ ಕಂಪ್ಯೂಟರುಗಳೂ ಹೊಸ ಪ್ಯಾಕೇಜಿಗೆ ಬಂದಿವೆ ಎಂದು ಒಂದೊಂದರಲ್ಲೂ ಗ್ರೆಪ್ ಓಡಿಸಿ ಖಾತ್ರಿ ಮಾಡಿಕೊಳ್ಳಿ. ಕೆಟ್ಟುಹೋಗಿ ಮೂಲೆಯಲ್ಲಿ ಇಟ್ಟಿರುವ ಆ ಎರಡು ಕಂಪ್ಯೂಟರನ್ನೂ ಮರೆಯಬೇಡಿ. ಅವು ರಿಪೇರಿಯಾಗಿ ಹಳೆಯ ಪ್ಯಾಕೇಜಿನೊಂದಿಗೇ ವಾಪಸ್ ಬರುತ್ತವೆ.

ಕಾಯುವಾಗ ಎರಡು ಆಸೆ ಹುಟ್ಟುತ್ತವೆ. ಎರಡೂ ಬೇಡ.

ಒಂದು, "ಫೈಲಿನಲ್ಲಿರುವ ವಿಶ್ವವಿದ್ಯಾಲಯದ ಹೆಸರು ತೆಗೆದು ಎಲ್ಲರಿಗೂ ಹೊಂದುವ ಹಾಗೆ ಮಾಡೋಣ" ಎಂಬುದು. ಆ ಫೈಲನ್ನು ಇನ್ನೂ ತೋರಿಸುತ್ತಿರುವ ಹಳೆ ಪ್ಯಾಕೇಜುಗಳ ಲೈಸೆನ್ಸ್ ಪಠ್ಯವನ್ನೇ ನೀವು ಬದಲಿಸಿದಂತಾಗುತ್ತದೆ. ನಿಜವಾಗಿ ವಿಶ್ವವಿದ್ಯಾಲಯದ್ದೇ ಆದ ಕೋಡಿನಿಂದ ಅವರ ಹೆಸರನ್ನೂ ಅಳಿಸಿದಂತಾಗುತ್ತದೆ.

ಇನ್ನೊಂದು, ಪಠ್ಯ ತೆಗೆದು "ಈ ಫೈಲ್ ಈಗ ಬಳಕೆಯಲ್ಲಿಲ್ಲ" ಎಂಬ ಸೂಚನೆ ಇಡುವುದು. ಆಗ ಫೈಲ್ ಇದ್ದೂ ಲೈಸೆನ್ಸ್ ಇಲ್ಲ. ಇರುವಷ್ಟು ದಿನ ಫೈಲ್ ಇದ್ದ ಹಾಗೇ ಇರಲಿ.

ಹಂತ 8: ತೆಗೆಯಿರಿ

ತೆಗೆಯುವ ದಿನ ಮೊದಲನೇ ಹಂತದ ಹುಡುಕಾಟವನ್ನು ಇನ್ನೊಮ್ಮೆ ಮಾಡಿ. ಒಂದು ಹೆಸರು ಸಿಕ್ಕರೂ ನಿಲ್ಲಿ. ಫೈಲ್ ಹೋದ ಕ್ಷಣದಿಂದ ಆ ಪ್ಯಾಕೇಜಿನ ಜೊತೆ ಲೈಸೆನ್ಸ್ ಪಠ್ಯ ಇಲ್ಲ. ಅದು ಪಾಲಿಸಿಯ 'ಮಾಡಲೇಬೇಕು' ಎಂಬ ನಿಯಮವನ್ನೇ ಮುರಿಯುತ್ತದೆ, ಬಗ್ ದರ್ಜೆ ಗಂಭೀರಕ್ಕೆ ಏರುತ್ತದೆ.

ಏನೂ ಸಿಗದಿದ್ದರೆ, ಫೈಲನ್ನು ತರುವ ಪ್ಯಾಕೇಜಿನಿಂದ ಅದನ್ನು ತೆಗೆದು ಹೊಸ ಆವೃತ್ತಿ ಬಿಡಿ. ಲ್ಯಾಬಿನ ಕಂಪ್ಯೂಟರುಗಳಿಗೆ ಹೋಗಿ ಕೈಯಿಂದ ಅಳಿಸಬೇಡಿ. ಆ ಫೈಲ್ ಇನ್ನೂ ತನ್ನದು ಎಂದು ಪ್ಯಾಕೇಜ್ ವ್ಯವಸ್ಥೆ ತಿಳಿದಿರುತ್ತದೆ. ಅದೇ ಪ್ಯಾಕೇಜನ್ನು ಮತ್ತೆ ಹಾಕಿದಾಗ ಫೈಲ್ ವಾಪಸ್ ಬರುತ್ತದೆ. ಚೇಂಜ್‌ಲಾಗ್‌ನಲ್ಲಿ ಏನು ತೆಗೆದಿರಿ, ಬೇಕಾದವರು ಪಠ್ಯವನ್ನು ಎಲ್ಲಿ ಬರೆದುಕೊಳ್ಳಬೇಕು ಎಂದು ಎರಡು ಸಾಲು ಇರಲಿ. ನಿಮಗೆ ಗೊತ್ತಿಲ್ಲದೆ ನಿಮ್ಮ ಪ್ಯಾಕೇಜ್ ಬಳಸುವವರು ಹುಡುಕುವುದು ಅಲ್ಲೇ.

ಹೊಸ ಆವೃತ್ತಿ ಹಾಕಿದ ಒಂದು ಕಂಪ್ಯೂಟರಿನಲ್ಲಿ ಕೂತು, ಯಾವುದಾದರೂ ಒಂದು ಬಿಎಸ್‌ಡಿ ಪ್ಯಾಕೇಜಿನ ಕಾಪಿರೈಟ್ ಫೈಲ್ ತೆರೆಯಿರಿ. ನೆಟ್ ಕೇಬಲ್ ಕಿತ್ತಿಟ್ಟು ನೋಡಿ. ಬರೆದವರ ಹೆಸರು, ಷರತ್ತು, ಹೊಣೆ ನಿರಾಕರಣೆ ಮೂರೂ ಅದೇ ಫೈಲಿನಲ್ಲಿ ಸಿಕ್ಕಿದರೆ ಕೆಲಸ ಮುಗಿಯಿತು.